ಹೊಸ ಕಾದಂಬರಿ ಮತ್ತು ಅದರ ಜಾಹೀರಾತು: ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪತ್ರಿಕೆಗಳಲ್ಲಿ

ಇಂಗ್ಲಿಷ್ ಕಾದಂಬರಿಯ ಇತಿಹಾಸವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಯು ಗ್ರಂಥಾಲಯದಲ್ಲಿ ಹತ್ತೊಂಬತ್ತನೆಯ ಶತಮಾನದ ಮಾಸಪತ್ರಿಕೆಗಳ ರಟ್ಟು ಕಟ್ಟಿದ ಸಂಪುಟಗಳನ್ನು ತೆರೆದಾಗ ಅವುಗಳಲ್ಲಿ ಕಥೆ, ಕವಿತೆ, ಪ್ರಬಂಧ, ವಿಮರ್ಶೆಗಳನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಇದರಿಂದ ಆ ಕಾಲದ ಪತ್ರಿಕೆಗಳು ವ್ಯಾಪಾರದ ಸೋಂಕಿಲ್ಲದ ಶುದ್ಧ ಸಾಹಿತ್ಯದ ಪತ್ರಿಕೆಗಳಾಗಿದ್ದವೆಂಬ ಭಾವನೆ ಹುಟ್ಟುವುದು ಸಹಜ. ವಸ್ತುಸ್ಥಿತಿ ಹಾಗಿರಲಿಲ್ಲ. ಪ್ರತಿ ತಿಂಗಳ ಸಂಚಿಕೆಯೂ ಬಣ್ಣದ ಹೊದಿಕೆಯೊಡನೆ, ಹಿಂದೆ ಮುಂದೆ ಹತ್ತಾರು ಪುಟಗಳ ಜಾಹೀರಾತುಗಳೊಡನೆ ಓದುಗನ ಮನೆಗೆ ಬರುತ್ತಿತ್ತು. ವರ್ಷದ ಕೊನೆಗೆ ಸಂಚಿಕೆಗಳನ್ನು ಒಟ್ಟುಗೂಡಿಸಿ ಕಟ್ಟುವಾಗ ರಟ್ಟು ಕಟ್ಟುವವನು ಹೊದಿಕೆಯನ್ನೂ ಜಾಹೀರಾತಿನ ಪುಟಗಳನ್ನೂ ಕಿತ್ತು ಬಿಸಾಡುತ್ತಿದ್ದನು. ಆ ಪುಟಗಳಿಗೆ ಪ್ರತ್ಯೇಕವಾದ ಪುಟಸಂಖ್ಯೆಯಿದ್ದುದರಿಂದ ಅವು ಹೋದ ಗುರುತೂ ಉಳಿಯುತ್ತಿರಲಿಲ್ಲ. ನಮ್ಮಲ್ಲಿಯೂ ಹಳೆಯ ಪತ್ರಿಕೆಗಳನ್ನು ಕಟ್ಟಿಸುವಾಗ ಆಗಿರುವುದು ಇದೇ. ಹೀಗೆ ಕಸದ ಬುಟ್ಟಿಗೆ ಸೇರಿದ ಆ ಹಾಳೆಗಳಲ್ಲಿ ಕಾದಂಬರಿಯ ಇತಿಹಾಸದ ಒಂದು ಮುಖ್ಯವಾದ ಅಧ್ಯಾಯವೇ ಅಡಗಿತ್ತು: ಹೊಸ ಕಾದಂಬರಿಯನ್ನು ಪ್ರಕಾಶಕನು ಯಾರಿಗೆ, ಯಾವ ಮಾತಿನಲ್ಲಿ, ಯಾರ ಸಾಕ್ಷಿಯನ್ನು ಮುಂದಿಟ್ಟು ಮಾರುತ್ತಿದ್ದನೆಂಬ ಅಧ್ಯಾಯ.

ಈ ವ್ಯವಹಾರವನ್ನು ಅರಿಯಬೇಕಾದರೆ ಮೊದಲು ಅಂದಿನ ಸುಂಕಗಳ ವಿಷಯವನ್ನು ಸ್ವಲ್ಪ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ಶತಮಾನದ ಪೂರ್ವಾರ್ಧದಲ್ಲಿ ಪತ್ರಿಕೆಯಲ್ಲಿ ಅಚ್ಚಾಗುವ ಪ್ರತಿಯೊಂದು ಜಾಹೀರಾತಿಗೂ ಸರ್ಕಾರಕ್ಕೆ ಸುಂಕ ತೆರಬೇಕಾಗಿತ್ತು. 1833ರಲ್ಲಿ ಅದನ್ನು ಮೂರೂವರೆ ಷಿಲಿಂಗಿನಿಂದ ಒಂದೂವರೆ ಷಿಲಿಂಗಿಗೆ ಇಳಿಸಲಾಯಿತು. 1853ರಲ್ಲಿ ಪೂರ್ತಿಯಾಗಿ ತೆಗೆದುಹಾಕಲಾಯಿತು. 1855ರಲ್ಲಿ ವೃತ್ತಪತ್ರಿಕೆಗಳ ಮುದ್ರಾಂಕ ಸುಂಕವೂ 1861ರಲ್ಲಿ ಕಾಗದದ ಮೇಲಿನ ಸುಂಕವೂ ಹೋದವು. ಎಂಟು ವರ್ಷಗಳ ಅಂತರದಲ್ಲಿ ನಡೆದ ಈ ಮೂರು ಬದಲಾವಣೆಗಳಿಂದ ಪತ್ರಿಕೆಗಳ ಬೆಲೆ ಇಳಿಯಿತು, ಸಂಖ್ಯೆ ಹೆಚ್ಚಿತು, ಜಾಹೀರಾತು ಅಗ್ಗವಾಯಿತು. ಶತಮಾನದ ಉತ್ತರಾರ್ಧದ ಸಾಹಿತ್ಯಪತ್ರಿಕೆಗಳೆಲ್ಲವೂ ಈ ನೆಲದ ಮೇಲೆ ಬೆಳೆದವುಗಳು.

ಆದರೆ ಕಾದಂಬರಿಯ ಜಾಹೀರಾತಿಗೆ ಒಂದು ವಿಚಿತ್ರವಾದ ಅಡಚಣೆಯಿತ್ತು. 1821ರಲ್ಲಿ ಸ್ಕಾಟನ ‘ಕೆನಿಲ್‌ವರ್ತ್’ ಕಾದಂಬರಿಯು ಮೂರು ಸಂಪುಟಗಳಲ್ಲಿ ಮೂವತ್ತೊಂದೂವರೆ ಷಿಲಿಂಗಿನ ಬೆಲೆಗೆ ಪ್ರಕಟವಾಯಿತು. ಅಂದಿನಿಂದ ಸುಮಾರು ಎಪ್ಪತ್ತು ವರ್ಷಗಳ ಕಾಲ ಹೊಸ ಕಾದಂಬರಿಯೆಂದರೆ ಮೂರು ಸಂಪುಟ, ಬೆಲೆಯೆಂದರೆ ಮೂವತ್ತೊಂದೂವರೆ ಷಿಲಿಂಗು ಎಂಬುದು ಶಾಸನದಂತೆ ನಡೆದುಬಂದಿತು. ಇದು ಕುಶಲ ಕೆಲಸಗಾರನೊಬ್ಬನ ವಾರದ ಗಳಿಕೆಗೆ ಸರಿಸುಮಾರು ಸಮನಾದ ಮೊತ್ತ. ಮಧ್ಯಮವರ್ಗದವನು ಕೂಡ ಈ ಬೆಲೆಗೆ ಕಾದಂಬರಿಯನ್ನು ಕೊಳ್ಳುತ್ತಿರಲಿಲ್ಲ. ಹಾಗಿದ್ದರೆ ಕೊಳ್ಳುತ್ತಿದ್ದವರು ಯಾರು? ಚಂದಾ ಪುಸ್ತಕಭಂಡಾರಗಳು. ಅವುಗಳಲ್ಲೆಲ್ಲ ದೊಡ್ಡದು ಚಾರ್ಲ್ಸ್ ಎಡ್ವರ್ಡ್ ಮ್ಯೂಡಿಯದು. 1842ರಲ್ಲಿ ಪುಸ್ತಕಗಳನ್ನು ಎರವಲು ಕೊಡಲು ತೊಡಗಿದ ಮ್ಯೂಡಿಯು ವರ್ಷಕ್ಕೆ ಒಂದು ಗಿನಿ, ಎಂದರೆ ಇಪ್ಪತ್ತೊಂದು ಷಿಲಿಂಗು, ತೆತ್ತವರಿಗೆ ಒಂದು ಸಲಕ್ಕೆ ಒಂದು ಸಂಪುಟದಂತೆ ಎಷ್ಟು ಬೇಕಾದರೂ ಓದಲು ಕೊಡುತ್ತಿದ್ದನು. ಒಂದು ಕಾದಂಬರಿಯನ್ನು ಕೊಳ್ಳುವ ಹಣಕ್ಕಿಂತ ಕಡಿಮೆ ಹಣದಲ್ಲಿ ವರ್ಷವಿಡೀ ಓದಬಹುದಾಗಿದ್ದಾಗ ಕೊಳ್ಳುವ ಪ್ರಮೇಯವಾದರೂ ಎಲ್ಲಿಯದು? ಒಂದೇ ಕಾದಂಬರಿಯ ಮೂರು ಸಂಪುಟಗಳು ಏಕಕಾಲಕ್ಕೆ ಮೂವರು ಚಂದಾದಾರರ ಕೈಯಲ್ಲಿರುತ್ತಿದ್ದುದರಿಂದ ಭಂಡಾರದವನಿಗೂ ಈ ಪದ್ಧತಿ ಲಾಭಕರವಾಗಿತ್ತು. 1860ರಲ್ಲಿ ರೈಲು ನಿಲ್ದಾಣಗಳ ಪುಸ್ತಕದಂಗಡಿಗಳಿಂದ ಪ್ರಸಿದ್ಧವಾಗಿದ್ದ ಡಬ್ಲ್ಯೂ. ಎಚ್. ಸ್ಮಿತ್ ಸಂಸ್ಥೆಯೂ ಈ ವ್ಯಾಪಾರಕ್ಕೆ ಇಳಿಯಿತು. ಅಚ್ಚಾದ ಐನೂರು ಅಥವಾ ಸಾವಿರ ಪ್ರತಿಗಳಲ್ಲಿ ಹೆಚ್ಚಿನ ಭಾಗವು ಈ ಭಂಡಾರಗಳಿಗೆ, ಅಚ್ಚುಹಾಕಿದ ಬೆಲೆಯ ಅರ್ಧಕ್ಕೆ ಹತ್ತಿರವಾದ ದರದಲ್ಲಿ ಹೋಗುತ್ತಿತ್ತು.

ಆ ಕಾಲದ ಜಾಹೀರಾತಿನ ಭಾಷೆ ಅರ್ಥವಾಗುವುದು ಈ ಹಿನ್ನೆಲೆಯಲ್ಲಿಯೇ. ‘ಅಥೀನಿಯಂ’ ಎಂಬ ವಾರಪತ್ರಿಕೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1828ರಲ್ಲಿ ಸ್ಥಾಪಿತವಾದ ಈ ಪತ್ರಿಕೆಯು ವಿದ್ವತ್ ವಲಯದಲ್ಲಿ ತುಂಬ ಗೌರವ ಗಳಿಸಿದ್ದಿತು. ಅದರ ಮೊದಲ ಮತ್ತು ಕೊನೆಯ ಪುಟಗಳ ಇಕ್ಕಟ್ಟಾದ ಅಂಕಣಗಳಲ್ಲಿ ಬೆಂಟ್ಲಿ, ಹರ್ಸ್ಟ್ ಅಂಡ್ ಬ್ಲ್ಯಾಕೆಟ್, ಸ್ಮಿತ್ ಎಲ್ಡರ್, ಚ್ಯಾಪ್‌ಮನ್ ಅಂಡ್ ಹಾಲ್, ಮ್ಯಾಕ್ಮಿಲನ್ ಮೊದಲಾದ ಪ್ರಕಾಶಕರ ಪಟ್ಟಿಗಳು ಅಚ್ಚಾಗುತ್ತಿದ್ದವು. ಚಿತ್ರವಿಲ್ಲ, ಅಲಂಕಾರವಿಲ್ಲ. ಕಾದಂಬರಿಯ ಹೆಸರು, ಲೇಖಕರ ಹೆಸರು, ಮೂರು ಸಂಪುಟಗಳೆಂಬ ಮಾತು, ಅದರ ಮೇಲೆ ‘ಎಲ್ಲ ಪುಸ್ತಕಭಂಡಾರಗಳಲ್ಲಿಯೂ ದೊರೆಯುತ್ತದೆ’ ಎಂಬ ಸೂಚನೆ. ಎಷ್ಟೋ ವೇಳೆ ಬೆಲೆಯನ್ನು ಕಾಣಿಸುತ್ತಲೇ ಇರಲಿಲ್ಲ. ಕೊಳ್ಳಿರಿ ಎಂದು ಯಾರನ್ನೂ ಕೇಳದ ಜಾಹೀರಾತು ಇದು! ಇದರ ಉದ್ದೇಶ ಬೇರೆ. ಓದುಗನು ಹೆಸರನ್ನು ಗುರುತುಹಾಕಿಕೊಂಡು ಮ್ಯೂಡಿಯ ಕಟ್ಟೆಯ ಮುಂದೆ ನಿಂತು ಆ ಪುಸ್ತಕವನ್ನು ಕೇಳಬೇಕು. ಹತ್ತು ಜನ ಕೇಳಿದರೆ ಮ್ಯೂಡಿಯು ಇನ್ನಷ್ಟು ಪ್ರತಿಗಳನ್ನು ತರಿಸುವನು. ಓದುಗನೊಡನೆ ಮಾತನಾಡುವಂತೆ ತೋರಿದರೂ ಪ್ರಕಾಶಕನ ಕಣ್ಣು ಇದ್ದುದು ಭಂಡಾರದವನ ಮೇಲೆ.

ಮ್ಯೂಡಿಯೂ ಅದೇ ಪತ್ರಿಕೆಗಳಲ್ಲಿ ತನ್ನ ಜಾಹೀರಾತುಗಳನ್ನು ಹಾಕಿಸುತ್ತಿದ್ದನು. ತಾನು ಯಾವ ಯಾವ ಹೊಸ ಪುಸ್ತಕಗಳನ್ನು ತರಿಸಿರುವೆನೆಂಬ ಪಟ್ಟಿಯನ್ನೂ ಹೆಸರಾಂತ ಪುಸ್ತಕಗಳಾದರೆ ಪ್ರತಿಗಳ ಸಂಖ್ಯೆಯನ್ನೂ ಅವನು ಪ್ರಕಟಿಸುತ್ತಿದ್ದನು. ಪ್ರಕಾಶಕನಿಗೆ ಆ ಪಟ್ಟಿಯಲ್ಲಿ ತನ್ನ ಪುಸ್ತಕದ ಹೆಸರು ಬರುವುದೇ ತಾನು ಹಣ ಕೊಟ್ಟು ಹಾಕಿಸಿದ ಜಾಹೀರಾತಿಗಿಂತ ಹೆಚ್ಚಿನದಾಗಿತ್ತು. ಪಟ್ಟಿಯಲ್ಲಿ ಬಾರದಿದ್ದರೆ? ಮ್ಯೂಡಿಯು ತನ್ನ ಸಂಸ್ಥೆಯನ್ನು ‘ಆಯ್ದ ಪುಸ್ತಕಗಳ ಭಂಡಾರ’ ಎಂದು ಕರೆದುಕೊಂಡಿದ್ದನು; ಕುಟುಂಬದ ಹೆಣ್ಣುಮಕ್ಕಳು ಓದಲು ತಕ್ಕುದಲ್ಲವೆಂದು ಅವನಿಗೆ ತೋರಿದ ಕಾದಂಬರಿಗೆ ಅಲ್ಲಿ ಸ್ಥಾನವಿರಲಿಲ್ಲ. ಯಾವ ನ್ಯಾಯಾಲಯದ ತೀರ್ಪೂ ಇಲ್ಲದೆ, ಒಂದು ಹೆಸರನ್ನು ಪಟ್ಟಿಯಿಂದ ಬಿಡುವ ಮೂಲಕವೇ ಪುಸ್ತಕವೊಂದನ್ನು ಮುಗಿಸಿಬಿಡುವ ಅಧಿಕಾರ ಒಬ್ಬ ವ್ಯಾಪಾರಿಯ ಕೈಯಲ್ಲಿದ್ದಿತು. 1883ರಲ್ಲಿ ಪ್ರಕಟವಾದ ಜಾರ್ಜ್ ಮೂರ್ ಅವರ ‘ಎ ಮಾಡರ್ನ್ ಲವರ್’ ಕಾದಂಬರಿಗೆ ಈ ಗತಿಯೊದಗಿತು. ಮೂರ್ ಸುಮ್ಮನಿರಲಿಲ್ಲ. ಮುಂದಿನ ಕಾದಂಬರಿ ‘ಎ ಮಮ್ಮರ್ಸ್ ವೈಫ್’ ಅನ್ನು ವಿಜೆಟೆಲಿ ಎಂಬ ಪ್ರಕಾಶಕರ ಮೂಲಕ ಒಂದೇ ಸಂಪುಟದಲ್ಲಿ, ಆರು ಷಿಲಿಂಗಿನ ಬೆಲೆಗೆ ಹೊರತಂದು, 1885ರಲ್ಲಿ ಭಂಡಾರಗಳ ಈ ದಾದಿತನವನ್ನು ಖಂಡಿಸುವ ಮೂರು ಪೆನ್ಸಿನ ಕಿರುಹೊತ್ತಗೆಯೊಂದನ್ನೂ ಬರೆದರು.

ಭಂಡಾರಗಳ ಪಟ್ಟಿಗಳಲ್ಲಿ ಇನ್ನೊಂದು ಬಗೆಯದು ಲೇಖಕರಿಗೆ ಸಂಕಟ ತರುತ್ತಿತ್ತು. ಬೇಡಿಕೆ ತೀರಿದ ಪುಸ್ತಕಗಳನ್ನು ಕಡಿಮೆ ಬೆಲೆಗೆ ವಿಲೇವಾರಿ ಮಾಡುವ ಪಟ್ಟಿ ಅದು. ತಾಮಸ್ ಹಾರ್ಡಿ ತಮ್ಮ ಮೊದಲ ಕಾದಂಬರಿ ‘ಡೆಸ್ಪರೇಟ್ ರೆಮಿಡೀಸ್’ ಅನ್ನು 1871ರ ಮಾರ್ಚಿನಲ್ಲಿ ಅನಾಮಿಕವಾಗಿ ಹೊರತಂದರು. ಅದಕ್ಕಾಗಿ ಟಿನ್ಸ್ಲಿ ಎಂಬ ಪ್ರಕಾಶಕರಿಗೆ ತಾವೇ 75 ಪೌಂಡುಗಳ ಭದ್ರತೆಯನ್ನು ಕೊಟ್ಟಿದ್ದರು. ಕೆಲವೇ ತಿಂಗಳುಗಳಲ್ಲಿ ಎಕ್ಸಟರ್ ರೈಲು ನಿಲ್ದಾಣದಲ್ಲಿ ಸ್ಮಿತ್ ಸಂಸ್ಥೆಯ ವಿಲೇವಾರಿ ಪಟ್ಟಿಯನ್ನು ನೋಡಿದಾಗ ಅದರಲ್ಲಿ ತಮ್ಮ ಕಾದಂಬರಿಯ ಮೂರು ಸಂಪುಟಗಳೂ ಸೇರಿ ಎರಡೂವರೆ ಷಿಲಿಂಗಿಗೆ ಮಾರಾಟಕ್ಕಿರುವುದನ್ನು ಅವರು ಕಂಡರು. ತನ್ನ ಕೃತಿಯ ಸೋಲನ್ನು ಲೇಖಕನು ಜಾಹೀರಾತಿನಿಂದ ತಿಳಿಯಬೇಕಾದ ಕಾಲ ಅದು.

ಪ್ರಕಾಶಕರು ಇನ್ನೂ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಜಾಹೀರಾತನ್ನು ಇತರರ ಪತ್ರಿಕೆಯಲ್ಲಿ ಹಾಕಿಸುವುದಕ್ಕಿಂತ ತಮ್ಮದೇ ಪತ್ರಿಕೆಯನ್ನು ನಡೆಸುವುದು ಮೇಲಲ್ಲವೆ? 1859ರಲ್ಲಿ ‘ಮ್ಯಾಕ್ಮಿಲನ್ಸ್ ಮ್ಯಾಗಜೀನ್’, 1860ರಲ್ಲಿ ಸ್ಮಿತ್ ಎಲ್ಡರ್ ಸಂಸ್ಥೆಯ ‘ಕಾರ್ನ್‌ಹಿಲ್’, ಅನಂತರ ಟಿನ್ಸ್ಲಿಯವರದು, 1882ರಲ್ಲಿ ಆರು ಪೆನ್ಸಿನ ‘ಲಾಂಗ್‌ಮನ್ಸ್ ಮ್ಯಾಗಜೀನ್’ ಹೀಗೆ ಪ್ರಕಾಶಕರ ಪತ್ರಿಕೆಗಳು ಸಾಲುಗಟ್ಟಿ ಹುಟ್ಟಿದವು. ಠಾಕರೆಯ ಸಂಪಾದಕತ್ವದಲ್ಲಿ ಒಂದು ಷಿಲಿಂಗಿಗೆ ಹೊರಟ ‘ಕಾರ್ನ್‌ಹಿಲ್’ನ ಮೊದಲ ಸಂಚಿಕೆಯು ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುದು ಅಂದಿಗೆ ಬೆರಗು ಹುಟ್ಟಿಸಿದ ಸಂಗತಿ. ಈ ಪತ್ರಿಕೆಗಳಲ್ಲಿ ಕಾದಂಬರಿಯು ತಿಂಗಳು ತಿಂಗಳೂ ಕಂತಿನಂತೆ ಪ್ರಕಟವಾಗಿ, ಕೊನೆಯ ಕಂತು ಬರುವುದಕ್ಕೆ ಕೆಲವು ವಾರಗಳ ಮೊದಲೇ ಮೂರು ಸಂಪುಟಗಳಲ್ಲಿ ಭಂಡಾರಗಳನ್ನು ಸೇರುತ್ತಿತ್ತು. ಕಥೆಯ ಮುಕ್ತಾಯವನ್ನು ತಿಳಿಯುವ ಆತುರವುಳ್ಳ ಓದುಗನು ಕಾಯಲಾರದೆ ಭಂಡಾರಕ್ಕೆ ಧಾವಿಸುವನೆಂಬುದು ಲೆಕ್ಕಾಚಾರ. ಪತ್ರಿಕೆಯಲ್ಲಿ ಬಂದ ಕಂತುಗಳೇ ಪುಸ್ತಕಕ್ಕೆ ದೀರ್ಘವಾದ ಜಾಹೀರಾತಾಗಿದ್ದವು. ಹಾರ್ಡಿಯವರ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ 1874ರಲ್ಲಿ ‘ಕಾರ್ನ್‌ಹಿಲ್’ನಲ್ಲಿ ಲೇಖಕರ ಹೆಸರಿಲ್ಲದೆ ಬರತೊಡಗಿದಾಗ ‘ಸ್ಪೆಕ್ಟೇಟರ್’ ಪತ್ರಿಕೆಯು ಇದು ಜಾರ್ಜ್ ಎಲಿಯಟ್ ಅವರದಿರಬಹುದೇ ಎಂದು ಊಹಿಸಿತು. ಹೆಸರನ್ನು ಮುಚ್ಚಿಡುವುದೂ ಕುತೂಹಲವನ್ನು ಕೆರಳಿಸುವ ಒಂದು ವಿಧಾನವೇ. ಡೈನಾ ಮ್ಯೂಲಕ್ ಕ್ರೇಕ್ ಎಂಬ ಲೇಖಕಿಯಂತೂ ಪ್ರಸಿದ್ಧಿಗೆ ಬಂದ ಮೇಲೂ ‘ಜಾನ್ ಹ್ಯಾಲಿಫ್ಯಾಕ್ಸ್, ಜಂಟಲ್‌ಮನ್ ಗ್ರಂಥದ ಕರ್ತೃ’ ಎಂದೇ ತಮ್ಮ ಪುಸ್ತಕಗಳ ಮೇಲೆ ಕಾಣಿಸಿಕೊಂಡರು. ಓದುಗನಿಗೆ ನೆನಪಿರುತ್ತಿದ್ದುದು ಕರ್ತೃವಿನ ಹೆಸರಿಗಿಂತ ಹಿಂದೆ ಓದಿ ಮೆಚ್ಚಿದ ಪುಸ್ತಕದ ಹೆಸರು.

ಬಿಡಿ ಭಾಗಗಳಲ್ಲಿ ಕಾದಂಬರಿಯನ್ನು ಹೊರಡಿಸುವ ಪದ್ಧತಿಯೂ ಇದ್ದಿತು. ಡಿಕನ್ಸನ ಕಾದಂಬರಿಗಳು ಒಂದು ಷಿಲಿಂಗಿನ ಮಾಸಿಕ ಭಾಗಗಳಾಗಿ ಬಂದವು. ಪ್ರತಿಯೊಂದು ಭಾಗಕ್ಕೂ ಜಾಹೀರಾತಿನ ಪುರವಣಿ ಅಂಟಿಕೊಂಡಿರುತ್ತಿತ್ತು. ಕೂದಲೆಣ್ಣೆ, ಕೊಡೆ, ಗುಳಿಗೆಗಳ ನಡುವೆ ಹೊಸ ಪುಸ್ತಕಗಳ ಪ್ರಕಟಣೆಗಳು. 1852ರಲ್ಲಿ ‘ಬ್ಲೀಕ್ ಹೌಸ್’, ಎಂದರೆ ‘ಬಿಕೋ ಎನ್ನುವ ಮನೆ’, ಹೊರಡುತ್ತಿದ್ದಾಗ ಲಂಡನ್ನಿನ ಇ. ಮೋಸಸ್ ಎಂಬ ಸಿದ್ಧ ಉಡುಪಿನ ವ್ಯಾಪಾರಿಗಳು ಅದರ ಹೊದಿಕೆಯ ಮೇಲೆಯೇ ತಮ್ಮ ಬೆಚ್ಚನೆಯ ಉಡುಪುಗಳನ್ನು ‘ಬ್ಲೀಕ್ ಹೌಸಿನ ವಿರೋಧಿ’ ಎಂದು ಕರೆದು ಪ್ರಚಾರ ಮಾಡಿಕೊಂಡರು. ಉಡುಪಿನ ವ್ಯಾಪಾರಿಯು ಕಾದಂಬರಿಯ ಹೆಸರಿನಿಂದ ಲಾಭ ಪಡೆಯುವಷ್ಟು ಆ ಹೆಸರು ಮನೆಮಾತಾಗಿತ್ತು. ಜಾರ್ಜ್ ಎಲಿಯಟ್ ಅವರ ‘ಮಿಡ್ಲ್‌ಮಾರ್ಚ್’ 1871ರ ಡಿಸೆಂಬರಿನಿಂದ ಎಂಟು ಭಾಗಗಳಲ್ಲಿ, ಭಾಗಕ್ಕೆ ಐದು ಷಿಲಿಂಗಿನಂತೆ ಬಂದಿತು. ಭಂಡಾರಗಳ ಹಿಡಿತವನ್ನು ಸಡಿಲಿಸಿ ಓದುಗನಿಗೆ ನೇರವಾಗಿ ಮಾರಬೇಕೆಂಬುದು ಅದರ ಹಿಂದಿದ್ದ ಆಲೋಚನೆ. ಆದರೆ ಈ ದಾರಿ ಹೆಸರಾಂತ ಲೇಖಕರಿಗೆ ಮಾತ್ರ ತೆರೆದಿದ್ದಿತು.

ಈ ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ವಿಚಾರಾರ್ಹವಾದುದು ‘ಪತ್ರಿಕಾಭಿಪ್ರಾಯ’ಗಳ ಬಳಕೆ. ಪ್ರಕಾಶಕನು ತನ್ನ ಪುಸ್ತಕವನ್ನು ತಾನೇ ಹೊಗಳಿಕೊಂಡರೆ ಯಾರೂ ನಂಬರು. ಬೇರೊಬ್ಬರ ಸಾಕ್ಷಿ ಬೇಕು. ಶತಮಾನದ ಆದಿಭಾಗದಲ್ಲಿ ಹೆನ್ರಿ ಕೋಲ್‌ಬರ್ನ್ ಎಂಬ ಪ್ರಕಾಶಕನು ಈ ಸಾಕ್ಷಿಯನ್ನು ಸೃಷ್ಟಿಸುವ ಮಾರ್ಗವನ್ನೇ ಹಿಡಿದಿದ್ದನು. 1814ರಲ್ಲಿ ‘ನ್ಯೂ ಮಂತ್ಲಿ ಮ್ಯಾಗಜೀನ್’, 1817ರಲ್ಲಿ ‘ಲಿಟರರಿ ಗೆಜೆಟ್’ ಪತ್ರಿಕೆಗಳಲ್ಲಿ ಹಣ ತೊಡಗಿಸಿ, ತನ್ನ ಕಾದಂಬರಿಗಳ ಪ್ರಶಂಸೆ ಅವುಗಳಲ್ಲಿ ಬರುವಂತೆ ನೋಡಿಕೊಂಡನು. ಇಂಥ ಕೊಂಡುತಂದ ಹೊಗಳಿಕೆಗೆ ಇಂಗ್ಲಿಷಿನಲ್ಲಿ ‘ಪಫ್’ ಎಂದು ಹೆಸರು. ಊದಿ ಉಬ್ಬಿಸುವುದೆಂದು ಅದರ ಭಾವ. 1830ರಲ್ಲಿ ಮೆಕಾಲೆಯು ‘ಎಡಿನ್‌ಬರೋ ರಿವ್ಯೂ’ನಲ್ಲಿ ಸಾಧಾರಣ ಕವಿಯೊಬ್ಬನ ಕೃತಿಯನ್ನು ನೆಪಮಾಡಿಕೊಂಡು ಈ ಪದ್ಧತಿಯನ್ನು ನಿಷ್ಠುರವಾಗಿ ಖಂಡಿಸಿದನು. ಹಿಂದಿನ ಕವಿಗಳು ಧನಿಕ ಆಶ್ರಯದಾತರನ್ನು ಓಲೈಸುತ್ತಿದ್ದ ದೈನ್ಯವನ್ನೂ ತನ್ನ ಕಾಲದ ಈ ಹೊಸ ದೈನ್ಯವನ್ನೂ ಅವನು ಅಕ್ಕಪಕ್ಕದಲ್ಲಿಟ್ಟು ತೂಗಿದುದು ಗಮನಾರ್ಹ. ಅದೇ ವರ್ಷ ‘ಅಥೀನಿಯಂ’ನ ಸಂಪಾದಕತ್ವವನ್ನು ವಹಿಸಿಕೊಂಡ ಡಿಲ್ಕ್ ಅವರು ಪ್ರಕಾಶಕರ ಪ್ರಭಾವಕ್ಕೆ ಬಗ್ಗದ ವಿಮರ್ಶೆಯನ್ನು ಪತ್ರಿಕೆಯ ವ್ರತವನ್ನಾಗಿ ಮಾಡಿದರು. ಆ ಪತ್ರಿಕೆಗೆ ಗೌರವ ಬಂದುದು ಹೀಗೆ.

ಆದರೆ ಗೌರವ ಬಂದ ಕೂಡಲೇ ಅದಕ್ಕೆ ಬೆಲೆಯೂ ಬಂದಿತು. ಕೊಂಡುಕೊಳ್ಳಲಾಗದ ವಿಮರ್ಶಕನ ಮಾತು ಜಾಹೀರಾತಿಗೆ ಹೆಚ್ಚು ಉಪಯುಕ್ತವೆಂಬುದನ್ನು ಪ್ರಕಾಶಕರು ಬೇಗನೆ ಕಂಡುಕೊಂಡರು. ಶತಮಾನದ ಉತ್ತರಾರ್ಧದಲ್ಲಿ ‘ಅಥೀನಿಯಂ’ ತನ್ನ ‘ವಾರದ ಕಾದಂಬರಿಗಳು’ ಎಂಬ ಅಂಕಣದಲ್ಲಿ ಹಲವು ಕಾದಂಬರಿಗಳನ್ನು ಸಂಕ್ಷೇಪವಾಗಿ ವಿಮರ್ಶಿಸುತ್ತಿತ್ತು. ಅದರಿಂದ ಅನುಕೂಲವಾದ ನಾಲ್ಕು ಶಬ್ದಗಳನ್ನು ಎತ್ತಿ, ಕಾದಂಬರಿಯ ಹೆಸರಿನ ಕೆಳಗೆ ಉದ್ಧರಣ ಚಿಹ್ನೆಯೊಳಗಿಟ್ಟು, ಪತ್ರಿಕೆಯ ಹೆಸರನ್ನು ಕೊನೆಗೆ ಸೇರಿಸಿದರೆ ಜಾಹೀರಾತು ಸಿದ್ಧ. ಕಲ್ಪಿತ ಉದಾಹರಣೆಯೊಂದರಿಂದ ಇದನ್ನು ವಿಶದಪಡಿಸಬಹುದು. ವಿಮರ್ಶಕನು ‘ಪಾತ್ರಚಿತ್ರಣದಲ್ಲಿ ಅಲ್ಲಲ್ಲಿ ನಿಜವಾದ ಶಕ್ತಿಯು ಕಂಡುಬರುವುದಾದರೂ ಕಥೆಯು ಮೂರು ಸಂಪುಟಗಳ ಭಾರವನ್ನು ಹೊರಲಾರದೆ ಕುಸಿದಿದೆ’ ಎಂದು ಬರೆದಿದ್ದರೆ, ಜಾಹೀರಾತಿನಲ್ಲಿ ‘ಪಾತ್ರಚಿತ್ರಣದಲ್ಲಿ ನಿಜವಾದ ಶಕ್ತಿ’ ಎಂಬಷ್ಟು ಮಾತ್ರ ಉಳಿಯುವುದು. ಬರೆದುದರಲ್ಲಿ ಸುಳ್ಳಿಲ್ಲ, ಬಿಟ್ಟುದರಲ್ಲಿ ಸುಳ್ಳಿದೆ. ಆಗ ‘ಅಥೀನಿಯಂ’ನಂಥ ಪತ್ರಿಕೆಗಳಲ್ಲಿ ವಿಮರ್ಶಕರು ತಮ್ಮ ಹೆಸರು ಹಾಕುತ್ತಿರಲಿಲ್ಲವಾದ್ದರಿಂದ ಈ ಅಂಗವಿಕಲವಾದ ವಾಕ್ಯಕ್ಕೆ ಸಾಕ್ಷಿಯಾಗಿ ನಿಲ್ಲುತ್ತಿದ್ದುದು ಒಬ್ಬ ವ್ಯಕ್ತಿಯಲ್ಲ, ಇಡೀ ಪತ್ರಿಕೆ. ವಿದ್ಯಾರ್ಥಿಗಳು ಇಂದಿಗೂ ಹಳೆಯ ಪುಸ್ತಕಗಳ ಕೊನೆಯ ಪುಟಗಳಲ್ಲಿರುವ ಇಂಥ ಅಭಿಪ್ರಾಯಗಳನ್ನು ‘ಸಮಕಾಲೀನ ವಿಮರ್ಶೆ’ ಎಂದು ಉದ್ಧರಿಸುವುದುಂಟು. ಮೂಲ ವಿಮರ್ಶೆಯನ್ನು ನೋಡದೆ ಹಾಗೆ ಮಾಡುವುದು ಅಪಾಯಕರ. ‘ಎರಡನೆಯ ಆವೃತ್ತಿ’, ‘ಮೂರನೆಯ ಆವೃತ್ತಿ’ ಎಂಬ ಮಾತುಗಳೂ ಅಷ್ಟೆ. ಒಂದೇ ಮುದ್ರಣದ ಪ್ರತಿಗಳನ್ನು ಹಂಚಿಕೊಂಡು, ಮುಖಪುಟವನ್ನಷ್ಟೇ ಬದಲಾಯಿಸಿ, ಬೇರೆ ಬೇರೆ ಆವೃತ್ತಿಗಳೆಂದು ಸಾರುವ ಚಾತುರ್ಯ ಕೋಲ್‌ಬರ್ನನ ಕಾಲದಿಂದಲೂ ಬಳಕೆಯಲ್ಲಿತ್ತು.

ವಿಮರ್ಶೆಯ ಶಕ್ತಿ ಎಷ್ಟರಮಟ್ಟಿನದೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಶ್ರೀಮತಿ ಹೆನ್ರಿ ವುಡ್ ಅವರ ‘ಈಸ್ಟ್ ಲಿನ್’ 1861ರಲ್ಲಿ ಬೆಂಟ್ಲಿಯಿಂದ ಪ್ರಕಟವಾಯಿತು. 1862ರ ಜನವರಿಯಲ್ಲಿ ‘ಟೈಮ್ಸ್’ ಪತ್ರಿಕೆಯಲ್ಲಿ ಬಂದ ಒಂದು ಮೆಚ್ಚುಗೆಯ ವಿಮರ್ಶೆಯಿಂದ ಅದರ ಬೇಡಿಕೆ ಒಮ್ಮೆಲೇ ಏರಿತು. ಎರಡನೆಯ ನಿದರ್ಶನ ಇನ್ನೂ ಸ್ವಾರಸ್ಯವಾದುದು. 1888ರ ಫೆಬ್ರವರಿಯಲ್ಲಿ ಸ್ಮಿತ್ ಎಲ್ಡರ್ ಸಂಸ್ಥೆಯು ಶ್ರೀಮತಿ ಹಂಫ್ರಿ ವಾರ್ಡ್ ಅವರ ‘ರಾಬರ್ಟ್ ಎಲ್ಸ್‌ಮಿಯರ್’ ಕಾದಂಬರಿಯನ್ನು ಎಂದಿನ ಮೂರು ಸಂಪುಟಗಳಲ್ಲಿ ಹೊರತಂದಿತು. ಪವಾಡಗಳಲ್ಲಿ ನಂಬಿಕೆ ಕಳೆದುಕೊಂಡ ಒಬ್ಬ ಪಾದ್ರಿ ತನ್ನ ಪದವಿಯನ್ನು ತ್ಯಜಿಸಿ ಲಂಡನ್ನಿನ ಬಡವರ ನಡುವೆ ಸೇವಾಕಾರ್ಯಕ್ಕೆ ತೊಡಗುವ ಕಥೆ ಅದು. ಶ್ರದ್ಧೆ, ಸಂಶಯ, ಸತಿಪತಿಗಳ ಮನೋಭೇದ ಇವುಗಳನ್ನು ಗಂಭೀರವಾಗಿ ಚರ್ಚಿಸುವ, ಸಾಕಷ್ಟು ದೀರ್ಘವಾದ ಗ್ರಂಥ. ಅದನ್ನು ಓದಿದ ಗ್ಲ್ಯಾಡ್‌ಸ್ಟನ್ ಅವರು, ಅಷ್ಟುಹೊತ್ತಿಗೆ ಮೂರು ಬಾರಿ ಪ್ರಧಾನಮಂತ್ರಿಗಳಾಗಿದ್ದವರು, ‘ನೈನ್‌ಟೀಂತ್ ಸೆಂಚುರಿ’ ಮಾಸಪತ್ರಿಕೆಯ ಮೇ ಸಂಚಿಕೆಯಲ್ಲಿ ಸುದೀರ್ಘವಾದ ವಿಮರ್ಶೆಯನ್ನು ಬರೆದರು. ಸಾಂಪ್ರದಾಯಿಕ ಶ್ರದ್ಧೆಯ ಪರವಾಗಿ, ಕಾದಂಬರಿಯ ನಿಲುವನ್ನು ವಿರೋಧಿಸಿ ಬರೆದ ಲೇಖನವದು. ಫಲಿತಾಂಶ ಅವರ ಉದ್ದೇಶಕ್ಕೆ ತಿರುಗುಮುರುಗಾಯಿತು. ಇಂಥ ಹಿರಿಯರು ಕುಳಿತು ಖಂಡಿಸಬೇಕಾದರೆ ಅದರಲ್ಲೇನಿದೆಯೆಂದು ನೋಡಲು ದೇಶವೆಲ್ಲ ಮುಗಿಬಿದ್ದಿತು. ಭಂಡಾರಗಳಲ್ಲಿ ಪ್ರತಿಗಳಿಗಾಗಿ ಪೈಪೋಟಿ ನಡೆಯಿತು. ಅದೇ ವರ್ಷ ಆರು ಷಿಲಿಂಗಿನ ಒಂದು ಸಂಪುಟದ ಆವೃತ್ತಿಯೂ ಹೊರಬಂದಿತು. ಅಮೆರಿಕದಲ್ಲಿ 1891ರವರೆಗೆ ವಿದೇಶೀ ಲೇಖಕರಿಗೆ ಗ್ರಂಥಸ್ವಾಮ್ಯದ ರಕ್ಷಣೆಯಿಲ್ಲದ ಕಾರಣ ಅಲ್ಲಿ ಯಾರು ಬೇಕಾದರೂ ಈ ಪುಸ್ತಕವನ್ನು ಅಚ್ಚುಹಾಕಬಹುದಾಗಿತ್ತು. ಬೆಲೆ ಇಳಿಯುತ್ತ ಇಳಿಯುತ್ತ ಕೊನೆಗೆ ಒಂದು ಸಾಬೂನಿನ ಕಂಪನಿಯು ತನ್ನ ಸಾಬೂನಿನ ಬಿಲ್ಲೆಯೊಡನೆ ಈ ಕಾದಂಬರಿಯನ್ನು ಉಚಿತವಾಗಿ ಕೊಡುವವರೆಗೆ ಬಂದಿತು. ಹಿಂದೆ ಉಡುಪಿನ ವ್ಯಾಪಾರಿಯು ಕಾದಂಬರಿಯ ಹೆಸರನ್ನಷ್ಟೇ ಎರವಲು ಪಡೆದಿದ್ದನು. ಈಗ ಶ್ರದ್ಧೆಯ ಅಂತರಂಗಸಂಗ್ರಾಮವನ್ನು ಚಿತ್ರಿಸಿದ ಇಡೀ ಗ್ರಂಥವೇ ಸಾಬೂನಿನ ಜಾಹೀರಾತಾಯಿತು.

ಜಾಹೀರಾತಿನ ಖರ್ಚನ್ನು ಕೊಡುತ್ತಿದ್ದವರು ಯಾರೆಂಬ ಪ್ರಶ್ನೆಯೂ ಇದೆ. ಅರ್ಧಲಾಭದ ಕರಾರಿನಲ್ಲಿ ಪುಸ್ತಕದ ಎಲ್ಲ ವೆಚ್ಚಗಳನ್ನು ಕಳೆದು ಉಳಿದುದನ್ನು ಲೇಖಕನೂ ಪ್ರಕಾಶಕನೂ ಹಂಚಿಕೊಳ್ಳಬೇಕು. ಕೆಲವು ಪ್ರಕಾಶಕರು ತಮ್ಮದೇ ಪತ್ರಿಕೆಯಲ್ಲಿ ಹಾಕಿದ ಜಾಹೀರಾತಿಗೂ, ಬೇರೆ ಪತ್ರಿಕೆಯೊಡನೆ ಪರಸ್ಪರ ವಿನಿಮಯದಿಂದ ಬಿಟ್ಟಿಯಾಗಿ ಹಾಕಿಸಿದ ಜಾಹೀರಾತಿಗೂ ಪೂರ್ಣ ದರವನ್ನು ಪುಸ್ತಕದ ಲೆಕ್ಕಕ್ಕೆ ಬರೆಯುತ್ತಿದ್ದರು. ಒಂದು ಪೆನ್ನಿಯೂ ಖರ್ಚಾಗದಿದ್ದರೂ ಲೇಖಕನ ಪಾಲು ಕರಗುತ್ತಿತ್ತು. 1884ರಲ್ಲಿ ವಾಲ್ಟರ್ ಬೆಸೆಂಟ್ ಅವರ ನೇತೃತ್ವದಲ್ಲಿ ಸ್ಥಾಪಿತವಾದ ಲೇಖಕರ ಸಂಘವು ಮತ್ತೆ ಮತ್ತೆ ಎತ್ತಿದ ಆಕ್ಷೇಪಣೆಗಳಲ್ಲಿ ಇದೂ ಒಂದು. ಜಾಹೀರಾತಿನ ಲೆಕ್ಕವನ್ನು ಲೇಖಕನು ಪರಿಶೀಲಿಸುವ ಹಕ್ಕು ಇರಬೇಕೆಂಬುದು ಅಂದಿನ ವಿವಾದಗಳಲ್ಲಿ ಸಣ್ಣ ವಿಷಯವಾಗಿರಲಿಲ್ಲ.

1880ರ ದಶಕದಲ್ಲಿ ಗಾಳಿಯ ದಿಕ್ಕು ಬದಲಾಗುವ ಸೂಚನೆಗಳು ಕಂಡುಬಂದವು. 1870ರ ಶಿಕ್ಷಣ ಶಾಸನದ ಫಲವಾಗಿ ಓದುಬಲ್ಲವರ ಸಂಖ್ಯೆ ಬೆಳೆದಿತ್ತು. 1881ರಲ್ಲಿ ನ್ಯೂನ್ಸ್ ಅವರ ‘ಟಿಟ್-ಬಿಟ್ಸ್’ನಂಥ ಅಗ್ಗದ ವಾರಪತ್ರಿಕೆ ಹುಟ್ಟಿತ್ತು. 1885ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಲಂಡನ್ನಿನ ಜನ ಎದ್ದು ನೋಡಿದಾಗ ಬೀದಿಯ ಗೋಡೆಗಳ ಮೇಲೆಲ್ಲ ರಾತ್ರೋರಾತ್ರಿ ಅಂಟಿಸಿದ ಭಿತ್ತಿಪತ್ರಗಳು ಕಾಣಿಸಿದವು. ಈವರೆಗೆ ಯಾರೂ ಬರೆಯದಂಥ ವಿಸ್ಮಯಕರ ಪುಸ್ತಕವೊಂದು ಬಂದಿದೆಯೆಂದು ಅವು ಸಾರುತ್ತಿದ್ದವು. ಪುಸ್ತಕ ರೈಡರ್ ಹ್ಯಾಗರ್ಡನ ‘ಕಿಂಗ್ ಸಾಲೊಮನ್ಸ್ ಮೈನ್ಸ್’, ಪ್ರಕಾಶಕರು ಕ್ಯಾಸೆಲ್, ಒಂದು ಸಂಪುಟ, ಐದು ಷಿಲಿಂಗು. ಸ್ವಾಮ್ಯವನ್ನು ಸಂಪೂರ್ಣವಾಗಿ ಮಾರಿದರೆ ನೂರು ಪೌಂಡು, ಇಲ್ಲವೆ ಐವತ್ತು ಪೌಂಡು ಮುಂಗಡ ಮತ್ತು ಮಾರಾಟದ ಮೇಲೆ ಶೇಕಡ ಹತ್ತರ ಗೌರವಧನ ಎಂದು ಪ್ರಕಾಶಕರು ಹೇಳಿದಾಗ, ಅಲ್ಲಿದ್ದ ಗುಮಾಸ್ತನೊಬ್ಬನ ಪಿಸುಮಾತನ್ನು ಕೇಳಿ ಹ್ಯಾಗರ್ಡ್ ಎರಡನೆಯದನ್ನು ಆರಿಸಿಕೊಂಡನಂತೆ. ಮೊದಲ ವರ್ಷದಲ್ಲಿಯೇ ಸುಮಾರು 31,000 ಪ್ರತಿಗಳು ಮಾರಾಟವಾದವು. ಇಲ್ಲಿ ಭಂಡಾರದವನ ಪ್ರಸ್ತಾಪವೇ ಇಲ್ಲ. ಗೋಡೆಯ ಮೇಲಿನ ಅಕ್ಷರಗಳು ದಾರಿಹೋಕನೊಡನೆ ನೇರವಾಗಿ ಮಾತನಾಡಿದವು. ಸಮಯವನ್ನು ಕಾದು ಹೊಡೆಯುವ ಜಾಣ್ಮೆಯೂ ಇದೇ ಕಾಲದಲ್ಲಿ ಕಾಣುತ್ತದೆ: 1886ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ನಿರುದ್ಯೋಗಿಗಳ ಗಲಭೆಯಾದಾಗ, ಸಮಾಜವಾದವನ್ನು ವಸ್ತುವಾಗುಳ್ಳ ಗಿಸಿಂಗ್ ಅವರ ‘ಡಿಮೋಸ್’ ಕಾದಂಬರಿಯನ್ನು ಸ್ಮಿತ್ ಎಲ್ಡರ್ ಅವಸರದಿಂದ, ಲೇಖಕರ ಹೆಸರಿಲ್ಲದೆ ಹೊರಡಿಸಿತು.

ಅದೇ 1886ರಲ್ಲಿ ಮ್ಯಾಕ್ಮಿಲನ್ ಸಂಸ್ಥೆಯು ತನ್ನ ‘ವಸಾಹತು ಗ್ರಂಥಮಾಲೆ’ಯನ್ನು ಆರಂಭಿಸಿತು. ಭಾರತ ಮತ್ತು ಬ್ರಿಟಿಷ್ ವಸಾಹತುಗಳಲ್ಲಿ ಮಾತ್ರ ಮಾರತಕ್ಕದ್ದೆಂಬ ಸೂಚನೆಯನ್ನು ಹೊತ್ತ ಈ ಪುಸ್ತಕಗಳ ಬೆಲೆ ಮೂರು ಸಂಪುಟದ ಆವೃತ್ತಿಗೆ ಹೋಲಿಸಿದರೆ ತೀರ ಕಡಿಮೆ. ಲಂಡನ್ನಿನ ಓದುಗನು ಕೊಳ್ಳಲಾಗದ ಹೊಸ ಕಾದಂಬರಿಯನ್ನು ಭಾರತದ ಓದುಗನು ಕೊಂಡು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳಬಹುದಾಗಿತ್ತೆಂಬುದು ಇತಿಹಾಸದ ಒಂದು ವೈಚಿತ್ರ್ಯ.

ಮಾರಾಟದ ಹೆಮ್ಮೆಯ ಮಾತು ಆಪತ್ತನ್ನು ತಂದುದೂ ಉಂಟು. ಜಾರ್ಜ್ ಮೂರ್ ಅವರ ಪ್ರಕಾಶಕರಾಗಿದ್ದ ಹೆನ್ರಿ ವಿಜೆಟೆಲಿಯವರು ಫ್ರೆಂಚ್ ಕಾದಂಬರಿಕಾರ ಝೋಲಾನ ಕೃತಿಗಳ ಅನುವಾದಗಳನ್ನು ಅಗ್ಗವಾಗಿ ಹೊರತರುತ್ತಿದ್ದರು. ಫ್ರೆಂಚ್ ಕಾದಂಬರಿಗಳ ಲಕ್ಷಗಟ್ಟಲೆ ಪ್ರತಿಗಳನ್ನು ತಾವು ಮಾರಿದುದಾಗಿ ಅವರು ಹೇಳಿಕೊಂಡಿದ್ದ ಮಾತನ್ನೇ 1888ರ ಮೇ ತಿಂಗಳಲ್ಲಿ ಪಾರ್ಲಿಮೆಂಟಿನಲ್ಲಿ ಸದಸ್ಯರೊಬ್ಬರು ಅವರ ವಿರುದ್ಧ ಎತ್ತಿ ಆಡಿದರು. ಅಶ್ಲೀಲ ಸಾಹಿತ್ಯದ ಪ್ರಕಟಣೆಗಾಗಿ ಆ ವರ್ಷ ಅವರಿಗೆ ದಂಡವಾಯಿತು. 1889ರಲ್ಲಿ ಮೂರು ತಿಂಗಳ ಸೆರೆವಾಸವಾಯಿತು. ಮ್ಯೂಡಿಯ ಪಟ್ಟಿಯ ಮೌನದಿಂದ ತಪ್ಪಿಸಿಕೊಂಡು ಜನರ ಬಳಿಗೆ ನೇರವಾಗಿ ಹೋದ ಪ್ರಕಾಶಕನನ್ನು ನ್ಯಾಯಾಲಯವು ಎದುರುಗೊಂಡಿತು.

ಹಳೆಯ ಪದ್ಧತಿ ಕುಸಿದುಬಿದ್ದುದು 1894ರಲ್ಲಿ. ಆ ವರ್ಷದ ಜೂನ್ 27ರಂದು ಮ್ಯೂಡಿ ಮತ್ತು ಸ್ಮಿತ್ ಸಂಸ್ಥೆಗಳು ಪ್ರಕಾಶಕರಿಗೆ ಸುತ್ತೋಲೆ ಕಳುಹಿಸಿ, ಇನ್ನು ಮುಂದೆ ಸಂಪುಟಕ್ಕೆ ನಾಲ್ಕು ಷಿಲಿಂಗಿಗಿಂತ ಹೆಚ್ಚು ಕೊಡಲಾರೆವೆಂದೂ ಒಂದು ವರ್ಷದೊಳಗೆ ಅಗ್ಗದ ಆವೃತ್ತಿಯನ್ನು ಹೊರಡಿಸಕೂಡದೆಂದೂ ತಿಳಿಸಿದವು. ಇದರಲ್ಲಿ ಪ್ರಕಾಶಕರಿಗೆ ಲಾಭವುಳಿಯುವಂತಿರಲಿಲ್ಲ. ಹೈನೆಮನ್ ಸಂಸ್ಥೆಯು ಹಾಲ್ ಕೇನ್ ಅವರ ‘ದ ಮ್ಯಾಂಕ್ಸ್‌ಮನ್’ ಅನ್ನು ಅದೇ ವರ್ಷ ನೇರವಾಗಿ ಒಂದು ಸಂಪುಟದಲ್ಲಿ, ಆರು ಷಿಲಿಂಗಿಗೆ ಹೊರತಂದಿತು. 1894ರಲ್ಲಿ 184 ಕಾದಂಬರಿಗಳು ಮೂರು ಸಂಪುಟಗಳಲ್ಲಿ ಬಂದಿದ್ದರೆ 1895ರಲ್ಲಿ 52, 1896ರಲ್ಲಿ 25, 1897ರಲ್ಲಿ ಕೇವಲ 4 ಬಂದವು. ಎಪ್ಪತ್ತು ವರ್ಷಗಳ ಆಚಾರ ಮೂರು ವರ್ಷಗಳಲ್ಲಿ ಮುಗಿಯಿತು.

ಜಾಹೀರಾತಿನ ಅಂಕಣಗಳಲ್ಲಿ ಈ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. ‘ಎಲ್ಲ ಪುಸ್ತಕಭಂಡಾರಗಳಲ್ಲಿ’ ಎಂಬ ಮಾತು ಹಿಂದೆ ಸರಿದು ‘ಆರು ಷಿಲಿಂಗು’ ಎಂಬ ಬೆಲೆ ಮುಂದೆ ಬಂದಿತು. ‘ಹತ್ತನೆಯ ಸಾವಿರ’, ‘ಇಪ್ಪತ್ತನೆಯ ಸಾವಿರ’ ಎಂದು ಸಂಖ್ಯೆಗಳು ಏರತೊಡಗಿದವು. 1891ರ ಅಕ್ಟೋಬರಿನಲ್ಲಿ ರಾಬರ್ಟ್‌ಸನ್ ನಿಕಲ್ ಅವರ ಸಂಪಾದಕತ್ವದಲ್ಲಿ ಆರಂಭವಾದ ‘ಬುಕ್‌ಮನ್’ ಮಾಸಪತ್ರಿಕೆಯು ಯಾವ ಊರಿನಲ್ಲಿ ಯಾವ ಪುಸ್ತಕಕ್ಕೆ ಹೆಚ್ಚು ಬೇಡಿಕೆಯೆಂಬುದನ್ನು ಅಂಗಡಿಯವರಿಂದ ತಿಳಿದು ಪ್ರಕಟಿಸತೊಡಗಿತು. ವಿಮರ್ಶಕನ ಸಾಕ್ಷಿಯ ಸ್ಥಾನಕ್ಕೆ ಕೊಂಡವರ ಸಂಖ್ಯೆಯ ಸಾಕ್ಷಿ ಬಂದಿತು. ಒಳ್ಳೆಯದೆಂದು ಬಲ್ಲವರು ಹೇಳಿದ್ದಾರೆ ಎಂಬ ಮಾತಿಗಿಂತ ಬಹಳ ಜನ ಕೊಂಡಿದ್ದಾರೆ ಎಂಬ ಮಾತು ಹೆಚ್ಚು ಮಾರತೊಡಗಿತು.

ಈ ಸ್ಥಿತ್ಯಂತರದ ತುದಿಯಲ್ಲಿ ನಿಲ್ಲುವುದು 1895ರಲ್ಲಿ ಮೆಥುಯೆನ್ ಸಂಸ್ಥೆಯು ಪ್ರಕಟಿಸಿದ ಮೇರಿ ಕೊರೆಲಿಯವರ ‘ದ ಸಾರೋಸ್ ಆಫ್ ಸೇಟನ್’. ಜನಸಾಮಾನ್ಯರಲ್ಲಿ ಅಪಾರವಾದ ಜನಪ್ರಿಯತೆ, ಪತ್ರಿಕೆಗಳಲ್ಲಿ ಅಷ್ಟೇ ತಿರಸ್ಕಾರ ಇವೆರಡನ್ನೂ ಪಡೆದಿದ್ದ ಲೇಖಕಿ ಆಕೆ. ಬಡ ಲೇಖಕನೊಬ್ಬನಿಗೆ ಅಕಸ್ಮಾತ್ತಾಗಿ ಐಶ್ವರ್ಯ ದೊರೆತು, ಸೈತಾನನ ಸಹವಾಸದಲ್ಲಿ ಅವನು ಹಣದಿಂದಲೇ ಕೀರ್ತಿಯನ್ನು ಕೊಳ್ಳಲು ಹವಣಿಸುವುದು ಆ ಕಾದಂಬರಿಯ ಕಥೆಯ ಒಂದು ಭಾಗ. ಪುಸ್ತಕವನ್ನು ವಿಮರ್ಶೆಗಾಗಿ ಯಾವ ಪತ್ರಿಕೆಗೂ ಕಳುಹಿಸಲಿಲ್ಲ. ಪತ್ರಿಕೆಯವರಿಗೆ ಬೇಕಾದರೆ ಇತರರಂತೆ ಅಂಗಡಿಯಿಂದಲೋ ಭಂಡಾರದಿಂದಲೋ ತರಿಸಿಕೊಳ್ಳಬಹುದೆಂಬ ವಿಶೇಷ ಸೂಚನೆಯನ್ನು ಕಥೆಯ ಮೊದಲಿಗೇ ಅಚ್ಚುಹಾಕಲಾಯಿತು. ವಿಮರ್ಶಕರ ಸಾಕ್ಷಿಯನ್ನು ನಿರಾಕರಿಸಿದ ಈ ಸೂಚನೆಯಷ್ಟು ಪರಿಣಾಮಕಾರಿಯಾದ ಜಾಹೀರಾತು ಆ ವರ್ಷದಲ್ಲಿ ಮತ್ತೊಂದಿರಲಿಲ್ಲವೆನ್ನಬೇಕು. ಪುಸ್ತಕ ಮಿಂಚಿನ ವೇಗದಲ್ಲಿ ಮಾರಾಟವಾಯಿತು. ಪತ್ರಿಕೆಗಳ ಹೊದಿಕೆಯಲ್ಲಿದ್ದ ಜಾಹೀರಾತುಗಳು ರಟ್ಟು ಕಟ್ಟುವವನ ಕತ್ತರಿಗೆ ಸಿಕ್ಕಿ ಹೋದವು. ಈ ಸೂಚನೆಯಾದರೋ ಗ್ರಂಥದ ಒಡಲಿನಲ್ಲಿಯೇ ಸೇರಿಕೊಂಡಿರುವುದರಿಂದ, ಆ ಕಾದಂಬರಿಯ ಹಳೆಯ ಪ್ರತಿಗಳನ್ನು ತೆರೆದವರಿಗೆ ಇಂದಿಗೂ ಮೊದಲು ಎದುರಾಗುವುದು ಅದೇ.